ಹೊಸ ಮನೆಯ ವಾಸನೆ, ಸದ್ದು, ಸ್ವಿಚ್ಚು

ಮನೆ ಬದಲಿಸಿದ ಮೇಲೆ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಮಾತು: "ಎಲ್ಲಾ ಸೆಟ್ ಆಯ್ತಾ?" ಪೆಟ್ಟಿಗೆ ಬಿಚ್ಚಿದ್ದಾಯಿತು, ಪರದೆ ಹಾಕಿದ್ದಾಯಿತು, ಇಂಟರ್ನೆಟ್ ಬಂತು ಅಂತ ನಾವೂ ಹೇಳುತ್ತೇವೆ. ಆದರೆ ಅವರು ಕೇಳುತ್ತಿರುವುದು ಪೆಟ್ಟಿಗೆಯ ವಿಷಯ ಅಲ್ಲ ಅಲ್ವಾ. ಅಲ್ಲಿ ಮನಸ್ಸು ನಿಂತಿತಾ ಅಂತ ಕೇಳುತ್ತಿದ್ದಾರೆ. ಅದಕ್ಕೆ ನೆಟ್ಟಗೆ ಉತ್ತರ ಕೊಡೋಕೆ ನನಗೆ ಬಹಳ ಸಮಯ ಹಿಡಿಯಿತು.

ನಾವು ಬಂದದ್ದು ಕೆಲಸದ ಕಾರಣಕ್ಕೆ. ನಾನು, ಹೆಂಡತಿ, ಶಾಲೆಗೆ ಹೋಗುವ ಮಗಳು, ವಯಸ್ಸಾದ ಅಮ್ಮ, ಜೊತೆಗೊಂದು ಬೆಕ್ಕು. ಬಿಟ್ಟು ಬಂದದ್ದು ಮಗಳು ಹುಟ್ಟಿದಾಗಿನಿಂದ ಇದ್ದ ಮನೆ. ಬಂದು ಇಳಿದದ್ದು ಒಬ್ಬರ ಮುಖವೂ ಗೊತ್ತಿಲ್ಲದ ಬೀದಿಗೆ, ಮೂರನೇ ಮಹಡಿಗೆ. ಮನೆ ಹಳೆಯದಕ್ಕಿಂತ ದೊಡ್ಡದು. ಗಾಳಿ, ಬೆಳಕು ಜಾಸ್ತಿ. ದೂರುವುದಕ್ಕೆ ಏನೂ ಇರಲಿಲ್ಲ. ಆದರೂ ಸಂಜೆ ಬೀಗ ತೆಗೆಯುವಾಗ ಯಾರದೋ ಮನೆಯ ಬೀಗ ತೆಗೆದ ಹಾಗಿರುತ್ತಿತ್ತು. ನಮ್ಮದೇ ಸೋಫಾದ ಮೇಲೆ ನೆಂಟರ ಹಾಗೆ ಕೂರುತ್ತಿದ್ದೆವು.

ಯಾಕೆ ಹೀಗೆ ಅಂತ ಯೋಚಿಸುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ಹೊಸ ಮನೆಯಲ್ಲಿ ಎಲ್ಲವೂ ಗಮನಕ್ಕೆ ಬರುತ್ತದೆ. ಬಾಗಿಲ ಹಿಡಿ, ನಲ್ಲಿ ತಿರುಗುವ ದಿಕ್ಕು, ಮೆಟ್ಟಿಲ ಎತ್ತರ, ಬಚ್ಚಲಿನ ಹೊಸ್ತಿಲು. ಒಂದೊಂದಕ್ಕೂ ತಲೆ ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು. ಹಳೆಯ ಮನೆಯಲ್ಲಿ ಇದ್ಯಾವುದೂ ಕಣ್ಣಿಗೇ ಬೀಳುತ್ತಿರಲಿಲ್ಲ. ಸಂಜೆ ಹೊತ್ತಿಗೆ ನಾವು ಸುಸ್ತಾಗುತ್ತಿದ್ದದ್ದು ಸಾಮಾನು ಎತ್ತಿ ಮಾತ್ರ ಅಲ್ಲ, ಈ ಗಮನಿಸುವ ಕೆಲಸದಿಂದಲೂ ಹೌದು. ಈ ಗಮನ ಒಂದೊಂದಾಗಿ ಸಡಿಲವಾದ ಹಾಗೆಲ್ಲ ಮನೆ ನಮ್ಮದಾಗುತ್ತಾ ಬಂತು. ಅದು ತಾನಾಗಿ ಆಗುವುದೂ ಹೌದು, ನಾವು ಕೈಹಾಕಿ ಬೇಗ ಮಾಡಿಕೊಳ್ಳಬಹುದಾದದ್ದೂ ಹೌದು. ನಾವು ಏನೇನು ಮಾಡಿದೆವು ಅನ್ನುವುದನ್ನು ಹೇಳುತ್ತೇನೆ.

ಮೊದಲು ಎದುರಾಗುವುದು ವಾಸನೆ. ಹೊಸ ಬಣ್ಣ, ತುಂಬಾ ದಿನ ಮುಚ್ಚಿಟ್ಟ ಕಪಾಟು, ಹಿಂದೆ ಇದ್ದವರು ನೆಲ ಒರೆಸಲು ಬಳಸುತ್ತಿದ್ದ ಯಾವುದೋ ದ್ರಾವಣ, ಎಲ್ಲಾ ಸೇರಿಕೊಂಡು ಬಾಗಿಲಲ್ಲೇ ಮುಖಕ್ಕೆ ಹೊಡೆಯುತ್ತಿತ್ತು. ಪ್ರತಿ ಮನೆಗೂ ಒಂದು ವಾಸನೆ ಇರುತ್ತದೆ. ಅಲ್ಲಿ ಇರುವವರಿಗೆ ಮಾತ್ರ ಅದು ತಿಳಿಯುವುದಿಲ್ಲ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು, ಮಿದುಳು ಎರಡೂ ಅದನ್ನು ಬದಿಗೆ ಇಟ್ಟುಬಿಡುತ್ತವೆ. ಹೊಸದಾಗಿ ಬಂದದ್ದನ್ನು ಮಾತ್ರ ಎತ್ತಿ ತೋರಿಸುತ್ತವೆ. ಕೆಲವು ದಿನ ಎಲ್ಲಾದರೂ ಹೋಗಿ ಬಂದು ಬಾಗಿಲು ತೆಗೆದಾಗ ನಮ್ಮ ಮನೆಯ ವಾಸನೆ ನಮಗೇ ಒಂದು ಕ್ಷಣ ಸಿಗುತ್ತದೆ. ಆಮೇಲೆ ಮತ್ತೆ ಮಾಯ. ವಾಸನೆಗೂ ನೆನಪಿಗೂ ನಂಟು ಹತ್ತಿರದ್ದು. ಕಣ್ಣು, ಕಿವಿಯಿಂದ ಬಂದ ಸುದ್ದಿ ಮಿದುಳಿನ ನಡುವೆ ಇರುವ ಥಲಾಮಸ್ ಮೂಲಕ ಹಾದು ಮುಂದಕ್ಕೆ ಹೋಗುತ್ತದೆ. ವಾಸನೆ ಹಾಗಲ್ಲ, ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಭಾಗಗಳಿಗೆ ಹೆಚ್ಚುಕಮ್ಮಿ ನೇರವಾಗಿ ಮುಟ್ಟುತ್ತದೆ. ಹಾಗಾಗಿ ಬೇರೆ ಎಲ್ಲ ಸರಿಯಿದ್ದರೂ ವಾಸನೆ ಬೇರೆಯಾಗಿದ್ದರೆ ಒಳಗೆ ಏನೋ ಕಸಿವಿಸಿ.

ಇದಕ್ಕೆ ದಾರಿ ತೋರಿಸಿದ್ದು ಬೆಕ್ಕು. ಹೊರಡುವ ಮೊದಲು ಪಶುವೈದ್ಯರನ್ನು ಕೇಳಿದ್ದೆವು. ಅವರು ಹೇಳಿದ್ದು ಎರಡೇ ಮಾತು. ಹೊಸ ಮನೆಯಲ್ಲಿ ಬೆಕ್ಕನ್ನು ಮೊದಲು ಒಂದೇ ಕೋಣೆಯಲ್ಲಿ ಬಿಡಿ, ಇಡೀ ಮನೆ ತೋರಿಸಬೇಡಿ. ಅದು ಮಲಗುವ ಬಟ್ಟೆಯನ್ನು ಒಗೆಯಬೇಡಿ, ಹಾಗೇ ತಂದು ಹಾಸಿ. ನಾವು ಹಾಗೇ ಮಾಡಿದೆವು. ಮೊದಲ ದಿನ ಅದು ಮಂಚದ ಕೆಳಗಿಂದ ಹೊರಗೇ ಬರಲಿಲ್ಲ. ಆಮೇಲೆ ಮೆಲ್ಲಗೆ ಹೊರಬಂದು ಹಳೆಯ ಬಟ್ಟೆಯ ಮೇಲೆ ಕೂತಿತು. ಆಮೇಲೆ ಶುರುವಾಯಿತು ನೋಡಿ ಅದರ ಕೆಲಸ. ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜಿತು. ಬಾಗಿಲ ಅಂಚಿಗೆ ಉಜ್ಜಿತು. ಕಪಾಟಿನ ಮೂಲೆಗೆ ಒಂದು ಕೆನ್ನೆ, ಆಮೇಲೆ ತಿರುಗಿ ಇನ್ನೊಂದು ಕೆನ್ನೆ. ಬೆಕ್ಕಿನ ಕೆನ್ನೆಯಲ್ಲಿ ಗ್ರಂಥಿಗಳಿವೆ. ಉಜ್ಜಿದಾಗ ಅದರ ವಾಸನೆ ಅಲ್ಲಿ ಉಳಿಯುತ್ತದೆ, ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಕೋಣೆಯ ಒಂದೊಂದು ಮೂಲೆಯನ್ನೂ ತನ್ನದು ಮಾಡಿಕೊಂಡ ಮೇಲೆ ಬೆಕ್ಕು ಬಾಗಿಲ ಬಳಿ ಬಂದು ಕೂತು ಕೂಗಿತು. ಮುಂದಿನ ಕೋಣೆ ತೋರಿಸಿ ಅಂತ.

ನೆಲದ ಮೇಲೆ ಕೂತು ಅದನ್ನು ನೋಡುತ್ತಿದ್ದ ಮಗಳು, "ನಾವೂ ಹೀಗೇ ಮಾಡೋಣ" ಅಂದಳು. ಅವಳು ಹೇಳಿದ್ದು ಸರಿ ಅನ್ನಿಸಿತು. ಇಡೀ ಮನೆಯನ್ನು ಒಟ್ಟಿಗೆ ಹೊಂದಿಸುವ ಹಠ ಬಿಟ್ಟೆವು. ಮೊದಲು ಅವಳ ಕೋಣೆ, ಆಮೇಲೆ ಅಮ್ಮನ ಕೋಣೆ. ಆ ಎರಡು ಪೂರ್ತಿ ಮುಗಿಯುವ ತನಕ ಹಾಲ್‌ನಲ್ಲಿ ಪೆಟ್ಟಿಗೆಗಳು ಹಾಗೇ ಇದ್ದವು. ಇರಲಿ ಬಿಡಿ ಅಂದುಕೊಂಡೆವು. ಮಗಳ ಹಳೆಯ ಹೊದಿಕೆಯನ್ನೂ ಒಗೆಯದೆ ತಂದಿದ್ದೆವು. ಹಳೆಯ ಮನೆಯಲ್ಲಿ ಬಳಸುತ್ತಿದ್ದ ಅದೇ ಸೋಪು, ಅದೇ ನೆಲ ಒರೆಸುವ ದ್ರಾವಣವನ್ನೇ ಹುಡುಕಿ ತಂದೆವು. ಮನೆ ಬದಲಿಸುವಾಗ ಎಲ್ಲವನ್ನೂ ಹೊಸದು ಮಾಡುವ ಆಸೆ ಬರುತ್ತದೆ. ಹೊಸ ಪರದೆ, ಹೊಸ ಚಾದರ, ಹೊಸ ಸೋಪು. ನನ್ನ ಪ್ರಕಾರ ಅದು ಸ್ವಲ್ಪ ಕಾಯಲಿ. ಗೋಡೆ, ಕಿಟಕಿ, ಬೀದಿ ಎಲ್ಲಾ ಹೊಸದಾಗಿರುವಾಗ ಮೈಗೆ ತಾಗುವ ನಾಲ್ಕು ವಸ್ತುವಾದರೂ ಹಳೆಯದು ಇರಬೇಕು.

ನಿದ್ದೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಮಸಾಕೊ ತಮಾಕಿ ಮತ್ತು ಅವರ ಸಂಗಡಿಗರು ಪರೀಕ್ಷೆ ಮಾಡಿ ನೋಡಿ 2016ರಲ್ಲಿ ಪ್ರಕಟಿಸಿದ್ದಾರೆ. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎರಡು ಭಾಗಗಳು ಒಂದೇ ಸಮ ಮಲಗುವುದಿಲ್ಲವಂತೆ. ಬಲಗಡೆಯದು ಗಾಢ ನಿದ್ದೆಗೆ ಹೋದರೆ ಎಡಗಡೆಯ ಒಂದು ಜಾಲ ಅರೆ ಎಚ್ಚರದಲ್ಲಿ ಇರುತ್ತದೆ. ವಿಚಿತ್ರ ಸದ್ದು ಕೇಳಿಸಿದರೆ ಆ ಕಡೆಯೇ ಜಾಸ್ತಿ ಬೆಚ್ಚುತ್ತದೆ. ಕೆಲವು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಮಲಗಿಸಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಡಾಲ್ಫಿನ್‌ಗಳು, ಕೆಲವು ಹಕ್ಕಿಗಳು ಅರ್ಧ ಮಿದುಳನ್ನು ಎಚ್ಚರವಾಗಿಟ್ಟುಕೊಂಡೇ ಮಲಗುತ್ತವೆ. ನಮ್ಮೊಳಗೂ ಅದರದ್ದೇ ಒಂದು ಚೂರು ಇದ್ದ ಹಾಗಿದೆ. ಇದನ್ನು ಓದಿದ ಮೇಲೆ ನನಗೆ ಸಮಾಧಾನವಾಯಿತು. ನಿದ್ದೆ ಬಾರದಿದ್ದರೆ ಮನೆ ಒಗ್ಗಲಿಲ್ಲ ಅಂತ ಅರ್ಥವಲ್ಲ. ಒಳಗೆ ಯಾರೋ ನಮಗಾಗಿ ಕಾವಲು ಕೂತಿದ್ದಾರೆ, ಅಷ್ಟೇ.

ಆದರೆ ಅಮ್ಮನಿಗೆ ಅದು ಮೊದಲ ರಾತ್ರಿಗೆ ಮುಗಿಯಲಿಲ್ಲ. ರಾತ್ರಿ ಹತ್ತಾರು ಸದ್ದು ಅವರನ್ನು ಎಬ್ಬಿಸುತ್ತಿತ್ತು. "ಯಾರೋ ಗೋಡೆ ತಟ್ತಾರೆ" ಅಂತ ಬಂದು ನನ್ನನ್ನು ಎಬ್ಬಿಸುತ್ತಿದ್ದರು. ಯಾರೂ ಇಲ್ಲ, ಮಲಗಿ ಅಂತ ಹೇಳಿ ಕಳಿಸುವುದು ಸುಲಭ. ಅದರಿಂದ ಅವರ ಭಯ ಹೋಗುವುದಿಲ್ಲ ಅನ್ನುವುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಂದು ರಾತ್ರಿ ನಾನೂ ಎದ್ದು ಅವರ ಮಂಚದ ಮೇಲೆ ಕೂತೆ. ದೀಪ ಹಾಕಲಿಲ್ಲ. ಇಬ್ಬರೂ ಕಿವಿಗೊಟ್ಟು ಕೂತೆವು. ಬಂತು. ಟಕ್. ಸ್ವಲ್ಪ ಬಿಟ್ಟು ಟಕ್, ಟಕ್. ಗೋಡೆಯ ಒಳಗಿಂದಲೇ. ನಾನು ಕೈ ಇಟ್ಟು ನೋಡಿದೆ. ಒಂದು ಕಡೆ ಗೋಡೆ ಕೊಂಚ ಬೆಚ್ಚಗಿತ್ತು. ಆಗ ಗೊತ್ತಾಯಿತು, ಅದು ಬಿಸಿನೀರಿನ ಪೈಪು.

ಪ್ಲಾಸ್ಟಿಕ್ ಪೈಪು ಉಕ್ಕಿಗಿಂತ ಹಲವು ಪಟ್ಟು ಜಾಸ್ತಿ ಹಿಗ್ಗುತ್ತದೆ. ಬಿಸಿನೀರಿಗೆ ಬಳಸುವ ಸಿಪಿವಿಸಿ ಎಂಬ ಪ್ಲಾಸ್ಟಿಕ್‌ನ 4 ಮೀಟರ್ ಪೈಪು 30 ಡಿಗ್ರಿ ಬಿಸಿಯಾದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಹಿಡಿದಿಟ್ಟ ಕ್ಲಾಂಪುಗಳು ಬಿಗಿಯಾಗಿದ್ದರೆ ಅದು ನುಣ್ಣಗೆ ಜಾರದೆ ತಡೆದು ತಡೆದು ಜಾರುತ್ತದೆ. ಜಾರಿದಾಗೆಲ್ಲ ಟಕ್ ಅನ್ನುತ್ತದೆ. ತಣ್ಣಗಾಗುವಾಗ ಕುಗ್ಗಿ ಮತ್ತೆ ಅದೇ ಸದ್ದು. ಮೇಲಿನ ಮನೆಯವರು ರಾತ್ರಿ ತಡವಾಗಿ ಬಂದು ಸ್ನಾನ ಮಾಡುತ್ತಿದ್ದರು. ಮಾರನೇ ದಿನ ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ನಮ್ಮ ಬಿಸಿನೀರು ಬಿಟ್ಟು ತೋರಿಸಿದೆ. ಅದೇ ಸದ್ದು ಬಂತು. ಅಮ್ಮ ಗೋಡೆಗೆ ಕಿವಿ ಇಟ್ಟು ಕೇಳಿದರು. "ಓಹೋ, ಇದಾ!" ಅಂದರು. ಅವರ ಮುಖದ ಬಿಗಿ ಅಲ್ಲೇ ಸಡಿಲವಾಯಿತು.

ಅಲ್ಲಿಂದ ಅದು ನಮ್ಮಿಬ್ಬರ ಕೆಲಸವಾಯಿತು. ಕೇಳಿದ ಸದ್ದನ್ನೆಲ್ಲ ಅಮ್ಮ ಒಂದು ಹಳೆಯ ಡೈರಿಯಲ್ಲಿ ಬರೆದಿಡುವುದು, ಬೆಳಗ್ಗೆ ಇಬ್ಬರೂ ಅದರ ಮೂಲ ಹುಡುಕುವುದು. ಗುಂಯ್ ಅಂತ ಶುರುವಾಗಿ ಥಟ್ಟನೆ ನಿಲ್ಲುವುದು ಫ್ರಿಜ್ಜಿನ ಕಂಪ್ರೆಸರ್. ಬೆಳಗಿನ ಜಾವ ನೆಲ ನಡುಗಿದ ಹಾಗೆ ಬರುವುದು ಕೆಳಗಿನ ನೀರೆತ್ತುವ ಪಂಪು. ಗಾಳಿ ಬಂದಾಗ ಕೊರಗುವುದು ಬಾಲ್ಕನಿ ಬಾಗಿಲ ಕೆಳಗಿನ ಸಂದು, ಅದಕ್ಕೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ನಿಂತಿತು. ಒಂದು ಸದ್ದು ಮಾತ್ರ ಇಂದಿಗೂ ಎಲ್ಲಿಂದ ಬರುತ್ತದೆ ಅಂತ ಸಿಕ್ಕಿಲ್ಲ. ಅಮ್ಮ ಅದನ್ನು ಹುಡುಕುವುದನ್ನು ಬಿಟ್ಟಿದ್ದಾರೆ, ಉಳಿದವುಗಳ ಜೊತೆ ಅದನ್ನೂ ಸೇರಿಸಿಕೊಂಡಿದ್ದಾರೆ. ಮೂಲ ಗೊತ್ತಾದ ಸದ್ದು ನಿದ್ದೆ ಕೆಡಿಸುವುದಿಲ್ಲ. ಕೇಳಿಸುತ್ತದೆ, ಆದರೆ ಎಬ್ಬಿಸುವುದಿಲ್ಲ. ಇದನ್ನು ನಾನು ಯಾರು ಮನೆ ಬದಲಿಸಿದರೂ ಹೇಳುತ್ತೇನೆ, ಅದರಲ್ಲೂ ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ. ಹೆದರಬೇಡಿ ಅಂತ ಹೇಳಬೇಡಿ, ಜೊತೆಗೆ ಕೂತು ಸದ್ದಿನ ಮೂಲ ಹುಡುಕಿ.

ಇನ್ನೊಂದು ಸದ್ದು ನಮ್ಮದೇ. ಮಾತಾಡಿದರೆ ಗೋಡೆಗಳು ವಾಪಸ್ ಮಾತಾಡುತ್ತಿದ್ದವು. ಖಾಲಿ ಕೋಣೆಯಲ್ಲಿ ಹಾಗೇ. ಗಟ್ಟಿ ಗೋಡೆ, ಗಟ್ಟಿ ನೆಲ ಸದ್ದನ್ನು ಹೀರಿಕೊಳ್ಳುವುದಿಲ್ಲ, ಅದು ಅತ್ತಿತ್ತ ಬಡಿದುಕೊಂಡು ತಡವಾಗಿ ಸಾಯುತ್ತದೆ. 1895ರ ಹೊತ್ತಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಸರಿಮಾಡಲು ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕರಿಗೆ ಒಪ್ಪಿಸಿದರು. ಅವರು ಹತ್ತಿರದ ರಂಗಮಂದಿರದಿಂದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹರಡುತ್ತಾ, ಎಷ್ಟು ದಿಂಬಿಗೆ ಎಷ್ಟು ಬೇಗ ಸದ್ದು ಅಡಗುತ್ತದೆ ಅಂತ ಅಳೆದರು. ಕಟ್ಟಡಗಳಲ್ಲಿ ಸದ್ದಿನ ಲೆಕ್ಕಾಚಾರ ಶುರುವಾದದ್ದು ಹೆಚ್ಚುಕಮ್ಮಿ ಅಲ್ಲಿಂದ. ನಾವು ಮಾಡಿದ್ದೂ ಅದೇ. ಗೋಡೆಗೆ ಏನು ಹಾಕುವುದು ಅನ್ನುವ ಚರ್ಚೆಯನ್ನು ಮುಂದಕ್ಕೆ ಹಾಕಿ, ಮೊದಲು ಜಮಖಾನೆ ಹಾಸಿದೆವು, ದಪ್ಪ ಪರದೆ ಹಾಕಿದೆವು, ಪುಸ್ತಕಗಳನ್ನು ಪೆಟ್ಟಿಗೆಯಿಂದ ಕಪಾಟಿಗೆ ತಂದೆವು. ಸಂಜೆ ಹೆಂಡತಿ ಅಡುಗೆಮನೆಯಿಂದ ಏನೋ ಕೇಳಿದಳು. ದನಿ ಅವಳದ್ದೇ ಆಗಿತ್ತು, ಅದರ ಹಿಂದೆ ಟೊಳ್ಳು ಇರಲಿಲ್ಲ. ನಾನು ಉತ್ತರ ಕೊಡದೆ ಎದ್ದು ಹೋಗಿ ಅದನ್ನೇ ಹೇಳಿದೆ.

ಬೆಳಕಿನದು ಸಣ್ಣ ವಿಷಯ, ಆದರೆ ಎಲ್ಲಕ್ಕಿಂತ ಬೇಗ ಆಗುವ ಬದಲಾವಣೆ. ಮನೆಯಲ್ಲಿ ಎಲ್ಲಾ ಕಡೆ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಅದು) ಬಿಳಿ ಎಲ್‌ಇಡಿ ಇತ್ತು. ಕೆಲಸ ಮಾಡುವ ಜಾಗಕ್ಕೆ ಅದು ಸರಿ. ರಾತ್ರಿ ಕೂತು ಮಾತಾಡುವ ಜಾಗಕ್ಕೆ 2700 ಕೆಲ್ವಿನ್‌ನ ಹಳದಿ ಬೆಳಕು ಬೇಕು. ನೀಲಿ ಜಾಸ್ತಿ ಇರುವ ಬೆಳಕು ನಿದ್ದೆ ತರುವ ಮೆಲಟೋನಿನ್ ಅನ್ನು ತಗ್ಗಿಸುತ್ತದೆ ಕೂಡ. ಬಲ್ಬು ಬದಲಿಸಿದೆವು, ಅಮ್ಮನ ಮಂಚದಿಂದ ಬಚ್ಚಲ ತನಕ ನೆಲದ ಹತ್ತಿರ ಪುಟ್ಟ ರಾತ್ರಿ ದೀಪ ಹಾಕಿದೆವು. ಹೊಸ ಮನೆಯಲ್ಲಿ ವಯಸ್ಸಾದವರು ಎಡವುವುದು ಕತ್ತಲಲ್ಲೇ. ಇದನ್ನು ಮೊದಲ ದಿನವೇ ಮಾಡಬೇಕು, ನಾಳೆಗೆ ಇಡಬಾರದು.

ಕೈಗೆ ಒಗ್ಗುವುದು ಮಾತ್ರ ನಿಧಾನ. ಹಾಲ್‌ನ ಸ್ವಿಚ್‌ಬೋರ್ಡಿನಲ್ಲಿ ಸ್ವಿಚ್ಚುಗಳ ಸಾಲೇ ಇದೆ. ಹಳೆಯ ಮನೆಯಲ್ಲಿ ಬಾಗಿಲ ಬಲಕ್ಕೆ ಇತ್ತು, ಇಲ್ಲಿ ಎಡಕ್ಕೆ. ಕೈ ತಾನೇ ಬಲಕ್ಕೆ ಹೋಗಿ ಖಾಲಿ ಗೋಡೆ ತಡವುತ್ತಿತ್ತು. ದೀಪ ಹಾಕಲು ಹೋದರೆ ಫ್ಯಾನ್ ತಿರುಗುತ್ತಿತ್ತು. ಮಗಳು ಸ್ವಿಚ್ಚಿಗೆ ಒಂದೊಂದು ಬಣ್ಣದ ಚುಕ್ಕಿ ಅಂಟಿಸಿದಳು. ವಸ್ತುಗಳ ಜಾಗದಲ್ಲೂ ನಾವು ಒಂದು ನಿಯಮ ಇಟ್ಟುಕೊಂಡೆವು. ಬೀಗದ ಕೈ, ಕತ್ತರಿ, ಔಷಧದ ಡಬ್ಬಿ, ಟಾರ್ಚು, ಇವನ್ನು ಒಂದು ಸಲ ಇಟ್ಟ ಕಡೆಯಿಂದ ಕದಲಿಸುವ ಹಾಗಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಇದೆ ಅಂತ ಆಮೇಲೆ ಅನ್ನಿಸಿದರೂ ಸರಿ. ಜಾಗ ಅಚ್ಚುಕಟ್ಟಾಗಿದೆಯೋ ಇಲ್ಲವೋ ಅನ್ನುವುದಕ್ಕಿಂತ ಅದು ಬದಲಾಗದೆ ಇರುವುದು ಮುಖ್ಯ. ಕೈ ಕಲಿಯುವುದು ಅದೇ ಕೆಲಸವನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಮಾಡಿದಾಗ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ತಲಾ ಒಂದು ಹೊಸ ಅಭ್ಯಾಸ ಆರಿಸಿಕೊಳ್ಳಲು ಹೇಳಿ ಗಮನಿಸಿದರು. ಅದು ಯೋಚಿಸದೆ ಆಗುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ ಲೆಕ್ಕ 254 ದಿನದ ತನಕ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ನನಗೆ ಆ ಸರಾಸರಿಗಿಂತ ಅವೆರಡರ ನಡುವಿನ ಅಂತರವೇ ಮುಖ್ಯ ಅನ್ನಿಸಿತು. ಒಂದೇ ಮನೆಯಲ್ಲಿ ಒಬ್ಬರು ಬೇಗ ಒಗ್ಗುತ್ತಾರೆ, ಇನ್ನೊಬ್ಬರಿಗೆ ತಿಂಗಳುಗಟ್ಟಲೆ ಬೇಕು. "ನನಗೆ ಸರಿಹೋಯ್ತು, ನಿಂಗ್ಯಾಕೆ ಆಗಲ್ಲ" ಅನ್ನುವ ಮಾತು ಮನೆಯಲ್ಲಿ ಬರಲೇಬಾರದು.

ಅಡುಗೆಮನೆಯ ಒಂದು ಕಪಾಟಿನ ಬಾಗಿಲು ಜೋತುಬಿದ್ದಿತ್ತು. ಮಾಲೀಕರಿಗೆ ಹೇಳಿದರೆ ಯಾರನ್ನೋ ಕಳಿಸುತ್ತಿದ್ದರು. ನಾನೇ ಮಾಡುತ್ತೇನೆ ಅಂತ ಕೂತೆ. ಕೀಲಿನ ಸ್ಕ್ರೂ ಹಿಡಿಯುವ ತೂತು ಸವೆದು ದೊಡ್ಡದಾಗಿತ್ತು. ಸ್ಕ್ರೂ ತಿರುಗುತ್ತಿತ್ತು, ಬಿಗಿಯುತ್ತಿರಲಿಲ್ಲ. ಇದಕ್ಕೆ ಹಳೆಯ ಉಪಾಯ ಒಂದಿದೆ. ಬೆಂಕಿಕಡ್ಡಿಯ ತಲೆ ಮುರಿದು, ಕಡ್ಡಿಗೆ ಮರದ ಅಂಟು ಹಚ್ಚಿ, ತೂತು ತುಂಬುವಷ್ಟು ತುರುಕಬೇಕು. ಅಂಟು ಪೂರ್ತಿ ಒಣಗಿದ ಮೇಲೆ ಹೊರಗೆ ಉಳಿದದ್ದನ್ನು ಸಮವಾಗಿ ಕತ್ತರಿಸಿ ಸ್ಕ್ರೂ ಹಾಕಿದರೆ ಹೊಸ ಮರಕ್ಕೆ ಕಚ್ಚಿದ ಹಾಗೆ ಕಚ್ಚುತ್ತದೆ. ಮಗಳು ಕಡ್ಡಿ ಮುರಿದು ಕೊಟ್ಟಳು. ಮಾರನೇ ದಿನ ಬಾಗಿಲು ನೆಟ್ಟಗೆ ನಿಂತು ಸದ್ದಿಲ್ಲದೆ ಮುಚ್ಚಿತು. ಅವಳು ಅದನ್ನು ಸುಮ್ನೆ ತೆಗೆದು ಮುಚ್ಚಿ ಮಾಡುತ್ತಲೇ ಇದ್ದಳು. ಆ ಕಪಾಟು ಈಗ ಅವಳದು. ಬಾಡಿಗೆ ಮನೆಯಾದರೇನು, ಯಾವುದನ್ನು ನಾವು ಕೈಯಾರೆ ಸರಿಮಾಡುತ್ತೇವೋ ಅದರ ಮೇಲೆ ನಮಗೆ ಒಂದು ಹಕ್ಕು ಹುಟ್ಟುತ್ತದೆ. ಬಾಡಿಗೆಗೆ ಇರುವವರು ಮಾಲೀಕರ ಅನುಮತಿ ಕೇಳಿ ಇಂಥ ಒಂದಾದರೂ ಕೆಲಸ ತಾವೇ ಮಾಡಲಿ ಅನ್ನುತ್ತೇನೆ.

ಮನೆಯ ಹೊರಗಿನದು ಇನ್ನೊಂದು ಪಾಠ. ಮೊದಮೊದಲು ಎಲ್ಲಿಗೆ ಹೋಗಬೇಕಾದರೂ ಫೋನಿನ ನಕ್ಷೆ ನೋಡಿಕೊಂಡೇ ಹೋಗುತ್ತಿದ್ದೆವು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಅದು ಹೇಳಿದ ಹಾಗೆ ತಿರುಗಿದರೆ ತಲುಪುತ್ತೇವೆ, ಆದರೆ ದಾರಿ ತಲೆಯಲ್ಲಿ ಕೂರುವುದಿಲ್ಲ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನಾವು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಕೋಶಗಳಿವೆ. ಜಾನ್ ಓಕೀಫ್ ಅವನ್ನು ಇಲಿಗಳಲ್ಲಿ 1971ರಲ್ಲಿ ಕಂಡುಹಿಡಿದರು. 2005ರಲ್ಲಿ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಮತ್ತು ಅವರ ತಂಡ ಅದರ ಪಕ್ಕದ ಭಾಗದಲ್ಲಿ, ಜಾಗವನ್ನು ಚೌಕಟ್ಟು ಹಾಕಿ ಅಳೆಯುವಂಥ ಇನ್ನೊಂದು ಬಗೆಯ ಕೋಶಗಳನ್ನು ತೋರಿಸಿದರು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಅಂದರೆ ಹೊಸ ಬೀದಿಯಲ್ಲಿ ನಡೆಯುವಾಗ ಒಳಗೆ ನಿಜವಾಗಿಯೂ ಒಂದು ನಕ್ಷೆ ಬರೆಯುವ ಕೆಲಸ ನಡೆಯುತ್ತಿರುತ್ತದೆ. ನನಗೆ ಇದು ಬಹಳ ಇಷ್ಟವಾದ ವಿಷಯ. ಹಾಗಾಗಿ ಸಂಜೆ ನಾನು, ಮಗಳು ಫೋನ್ ಮನೆಯಲ್ಲಿಟ್ಟು ನಡೆಯಲು ಶುರು ಮಾಡಿದೆವು. ಹೋದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ವಾಪಸ್ ಬರುವುದು ನಮ್ಮ ಆಟ. ಅವಳು ತನ್ನದೇ ಗುರುತು ಹಾಕಿಕೊಂಡಳು: ನೀಲಿ ಗೇಟು, ಬೊಗಳುವ ನಾಯಿ, ಬೊಗಳದ ನಾಯಿ, ಬೇರು ಎದ್ದ ಮರ. ಎರಡು ಗೊತ್ತಿರುವ ದಾರಿಗಳು ಗೊತ್ತಿಲ್ಲದ ತಿರುವಿನಲ್ಲಿ ಬಂದು ಕೂಡಿದಾಗ "ಅಪ್ಪಾ, ಇದು ಅಲ್ಲಿಗೇ ಬರುತ್ತೆ!" ಅಂತ ಕೂಗಿದಳು. ಆ ಕ್ಷಣದಿಂದ ಈ ಬಡಾವಣೆ ಬಿಡಿ ಬಿಡಿ ಬೀದಿಗಳಾಗಿ ಉಳಿಯಲಿಲ್ಲ.

ಜನರ ವಿಷಯಕ್ಕೆ ಬಂದರೆ, ನಾವು ಯಾರನ್ನೂ ಹೋಗಿ ಮಾತಾಡಿಸುವ ಜಾಯಮಾನದವರಲ್ಲ. ಅಮ್ಮ ಮಾತ್ರ ಹಾಗಲ್ಲ. ಅವರಿಗೆ ಲಿಫ್ಟ್ ಅಂದರೆ ಆಗದು. ಬೆಳಗ್ಗೆ ನಿಧಾನಕ್ಕೆ ಮೆಟ್ಟಿಲು ಇಳಿಯುತ್ತಾರೆ, ಪ್ರತಿ ಮಹಡಿಯಲ್ಲೂ ನಿಲ್ಲುತ್ತಾರೆ. ಅವರಿಗೆ ನಮಗಿಂತ ಎಷ್ಟೋ ಮೊದಲೇ ಎಲ್ಲರ ಪರಿಚಯವಾಯಿತು. ಇದಕ್ಕೂ ಒಂದು ಹಳೆಯ ಅಧ್ಯಯನವಿದೆ. ಲಿಯೊನ್ ಫೆಸ್ಟಿಂಗರ್ ಮತ್ತು ಇಬ್ಬರು ಸಂಗಡಿಗರು ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳ ವಸತಿಯಲ್ಲಿ ಯಾರಿಗೆ ಯಾರು ಗೆಳೆಯರಾದರು ಅಂತ ನೋಡಿ 1950ರಲ್ಲಿ ಪ್ರಕಟಿಸಿದರು. ಪಕ್ಕದ ಬಾಗಿಲಿನವರೇ ಜಾಸ್ತಿ ಗೆಳೆಯರಾಗಿದ್ದರು. ಮೆಟ್ಟಿಲ ಬಳಿಯ ಮನೆಯವರಿಗೆ ಬೇರೆ ಮಹಡಿಯಲ್ಲೂ ಗೆಳೆಯರು ಹೆಚ್ಚು. ಗುಣ, ಅಭಿರುಚಿ ಎಲ್ಲಾ ಆಮೇಲೆ, ದಾರಿಯಲ್ಲಿ ಸಿಗುವುದು ಮೊದಲು. ಅಮ್ಮನನ್ನು ನೋಡಿ ನಾನೂ ಲಿಫ್ಟ್ ಬಿಟ್ಟೆ.

ಆದರೆ ಪರಿಚಯ ಬೇರೆ, ಗೆಳೆತನ ಬೇರೆ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಹಾಕಿದ ಅಂದಾಜಿನ ಪ್ರಕಾರ, ಪರಿಚಿತರು ಹಗುರವಾದ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು, ಆಪ್ತರಾಗಲು 200 ಗಂಟೆಗೂ ಜಾಸ್ತಿ. ಅದೂ ಕೆಲಸಕ್ಕಾಗಿ ಜೊತೆಗಿದ್ದ ಹೊತ್ತಲ್ಲ, ಬಿಡುವಿನ ಹೊತ್ತು. ವಾರಕ್ಕೆ ಒಂದು ಗಂಟೆ ಸಿಕ್ಕರೆ ಐವತ್ತು ಮುಟ್ಟಲು ಹೆಚ್ಚುಕಮ್ಮಿ ಒಂದು ವರ್ಷ. ಇದು ಗೊತ್ತಿದ್ದರೆ, ಬಂದು ಇಷ್ಟು ದಿನವಾದರೂ ನಮ್ಮವರು ಅಂತ ಯಾರೂ ಇಲ್ಲ ಅನ್ನುವ ಕೊರಗು ಕಡಿಮೆಯಾಗುತ್ತದೆ. ಯಾರಲ್ಲೂ ಕೊರತೆಯಿಲ್ಲ, ಗಂಟೆಗಳು ಇನ್ನೂ ತುಂಬಿಲ್ಲ. ನನ್ನ ಹೆಂಡತಿಗೆ ಈ ಲೆಕ್ಕ ಹೇಳಿದಾಗ ಅವಳಿಗೆ ನಿಜಕ್ಕೂ ಹಗುರವಾಯಿತು. ಅವಳು ಹಳೆಯ ಊರಿನ ಗೆಳತಿಯರನ್ನು ತುಂಬಾ ನೆನೆಯುತ್ತಿದ್ದಳು. ನೆನೆಯುವುದು ಬೇಡ ಅಂತ ನಾವು ಯಾರೂ ಹೇಳಲಿಲ್ಲ. ಹಳೆಯದನ್ನು ಮರೆತರೆ ಮಾತ್ರ ಹೊಸದು ಹತ್ತುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಅಳು ಬಂದರೆ ಅತ್ತಳು, ಅವರಿಗೆ ಫೋನ್ ಮಾಡಿದಳು, ಇಲ್ಲಿನ ಗ್ರಂಥಾಲಯಕ್ಕೂ ಹೋಗಿ ಬಂದಳು. ಎಲ್ಲಾ ಜೊತೆಜೊತೆಗೇ ನಡೆಯಿತು.

ಪರಿಚಯ ಗಟ್ಟಿಯಾಗುವುದಕ್ಕೆ ನಾನು ಕಂಡ ಒಳ್ಳೆಯ ದಾರಿ, ಸಣ್ಣ ಸಹಾಯ ಕೇಳುವುದು. ಏಣಿ ಇದ್ರೆ ಕೊಡ್ತೀರಾ, ಪಾರ್ಸೆಲ್ ಬಂದ್ರೆ ಇಟ್ಕೊಳ್ತೀರಾ ಅನ್ನುವಷ್ಟು ಸಾಕು. ಕೊಡುವುದಕ್ಕೆ ಎಲ್ಲರೂ ತಯಾರಿರುತ್ತೇವೆ, ಕೇಳುವುದಕ್ಕೆ ಸಂಕೋಚ. ಕೇಳಿದರೆ ಮಾತ್ರ ಎದುರಿನವರಿಗೂ ನಮ್ಮನ್ನು ಕೇಳುವ ಧೈರ್ಯ ಬರುತ್ತದೆ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಗಿಡಗಳಿಗೆ ನೀರು ಹಾಕಿ ಅಂತ ಬೀಗದ ಕೈ ಕೊಟ್ಟು ಹೋದರು. ಅವರ ಬೀಗದ ಕೈ ನಮ್ಮ ಗೂಟದಲ್ಲಿ ನೇತಾಡುವುದನ್ನು ನೋಡಿದಾಗ ನನಗೆ ಆದ ಸಂತೋಷ ದೊಡ್ಡದು.

ಕಳೆದ ತಿಂಗಳು ಕೆಳಗಿನ ಮಹಡಿಗೆ ಹೊಸ ಸಂಸಾರ ಬಂತು. ಅವರಲ್ಲೂ ಒಬ್ಬರು ಅಜ್ಜಿ ಇದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಕೂತು ಅವರಿಗೊಂದು ಕಾಗದ ಬರೆದೆವು. ನೀರಿನ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಬಂದ್ ಆಗುತ್ತದೆ. ಮುಖ್ಯ ಬಾಗಿಲನ್ನು ಸ್ವಲ್ಪ ಎತ್ತಿ ಎಳೆದರೆ ಮಾತ್ರ ಬೀಗ ಬೀಳುತ್ತದೆ. ಬೆಳಗಿನ ಜಾವ ನೆಲ ನಡುಗಿದರೆ ಅದು ಪಂಪು, ರಾತ್ರಿ ಗೋಡೆ ಟಕ್ ಅಂದರೆ ಅದು ಬಿಸಿನೀರು. ಮಗಳು ಬೊಗಳುವ ನಾಯಿ ಯಾವುದು, ಬೊಗಳದ ನಾಯಿ ಯಾವುದು ಅಂತ ಸೇರಿಸಿದಳು. ಬೆಕ್ಕು ಅವರ ಬಾಲ್ಕನಿಗೂ ಬರಬಹುದು, ಹೆದರಬೇಡಿ ಅಂತ ಹೆಂಡತಿ ಬರೆದಳು. ಕೊನೆಗೆ ಅಮ್ಮ ಪೆನ್ನು ತೆಗೆದುಕೊಂಡು ತಮ್ಮದೊಂದು ಸಾಲು ಬರೆದರು: ಗೇಟಿನ ಪಕ್ಕದ ಮರದಡಿ ಒಂದು ಬೆಂಚು ಇದೆ, ಸಂಜೆ ಐದಕ್ಕೆ ನಾನು ಅಲ್ಲಿ ಇರ್ತೀನಿ, ಬನ್ನಿ.